ಎಫ್‌.ಎ. ಫೇಲಾದ ಗುಮಾಸ್ತ, ಜಗತ್ತು ಮೆಚ್ಚಿದ ಗಣಿತಜ್ಞ: ರಾಮಾನುಜನ್ ನಮ್ಮ ಹಳೇ ಜಿಲ್ಲೆಯವರು!

ಪಾಲಾರ್ ಸೇತುವೆ ದಾಟಿ ಮೆಟ್ಟೂರು, ಭವಾನಿ ಮೇಲೆ ಹೋದರೆ ಈರೋಡು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಹುಟ್ಟಿದ್ದು ಅಲ್ಲಿ, ತಾಯಿಯ ತವರಿನಲ್ಲಿ, 1887ರ ಡಿಸೆಂಬರ್ 22ರಂದು. ಆಗ ಪಾಲಾರ್‌ನಲ್ಲಿ ರಾಜ್ಯದ ಗಡಿ ಇರಲಿಲ್ಲ. ಕೊಳ್ಳೇಗಾಲ, ಈರೋಡು ಎರಡೂ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೇ ಸೇರಿದ್ದವು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ.

ರಾಮಾನುಜನ್ ಬೆಳೆದದ್ದು ಕಾವೇರಿ ತೀರದ ಕುಂಭಕೋಣದಲ್ಲಿ. ತಂದೆ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಮನೆಯಲ್ಲಿ ಬಡತನ. ಸ್ಕಾಲರ್‌ಶಿಪ್ ಪಡೆದು 1904ರಲ್ಲಿ ಕಾಲೇಜು ಸೇರಿದರು. ಆದರೆ ತಲೆ ತುಂಬಾ ಗಣಿತವೇ. ಬೇರೆ ವಿಷಯ ಓದಲಿಲ್ಲ, ಸ್ಕಾಲರ್‌ಶಿಪ್ ಹೋಯಿತು. ಆಮೇಲೆ ಮದ್ರಾಸಿನಲ್ಲಿ ಎಫ್‌.ಎ. ಪರೀಕ್ಷೆಗೆ ಕೂತರು, ಅಲ್ಲೂ ಫೇಲು. ಡಿಗ್ರಿ ಇಲ್ಲ, ಕೆಲಸವೂ ಇಲ್ಲ. ಪೇಪರ್ ಕೊಳ್ಳಲು ಕಾಸಿಲ್ಲದೆ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಉತ್ತರ ಮಾತ್ರ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು.

1912ರಲ್ಲಿ ಮದ್ರಾಸ್ ಬಂದರಿನಲ್ಲಿ ಗುಮಾಸ್ತರಾದರು. ಸಂಬಳ ತಿಂಗಳಿಗೆ 30 ರೂಪಾಯಿ. ಮರುವರ್ಷ ಜನವರಿಯಲ್ಲಿ ಕೇಂಬ್ರಿಡ್ಜ್‌ನ ಹಾರ್ಡಿ ಅವರಿಗೆ ಕಾಗದ ಬರೆದು ತಮ್ಮ ಸೂತ್ರಗಳನ್ನು ಕಳಿಸಿದರು. ಅದಕ್ಕೂ ಮೊದಲು ಬೇರೆ ಪ್ರೊಫೆಸರ್‌ಗಳಿಗೆ ಬರೆದಿದ್ದರೂ ಪ್ರಯೋಜನ ಆಗಿರಲಿಲ್ಲ. ಹಾರ್ಡಿ ಮಾತ್ರ ಕೂತು ಓದಿದರು, ಇವರು ಸಾಮಾನ್ಯರಲ್ಲ ಅಂತ ತಿಳಿದುಕೊಂಡರು. 1914ರಲ್ಲಿ ರಾಮಾನುಜನ್ ಇಂಗ್ಲೆಂಡಿಗೆ ಹಡಗು ಹತ್ತಿದರು.

ಅವರು ಅಲ್ಲಿ ಮಾಡಿದ್ದೇನು? ಅಂಗಡಿ ಲೆಕ್ಕದಲ್ಲೇ ನೋಡೋಣ. 4 ಕೆ.ಜಿ. ಸಕ್ಕರೆಯನ್ನು ಪೂರ್ತಿ ಕೆ.ಜಿ. ಪೊಟ್ಟಣಗಳಾಗಿ ಎಷ್ಟು ಬಗೆಯಲ್ಲಿ ಕಟ್ಟಬಹುದು? ನಾಲ್ಕರದ್ದೇ ಒಂದು, ಮೂರು ಮತ್ತು ಒಂದು, ಎರಡು ಎರಡು, ಎರಡು, ಒಂದು, ಒಂದು, ನಾಲ್ಕು ಒಂದೊಂದು. ಒಟ್ಟು 5 ಬಗೆ. ಇದೇನು ಮಹಾ ಲೆಕ್ಕ ಅಂತೀರಾ? 10 ಕೆ.ಜಿ.ಗೆ 42 ಬಗೆ. 100 ಕೆ.ಜಿ.ಗೆ 19,05,69,292! ಒಂದೊಂದಾಗಿ ಎಣಿಸದೆಯೇ ಈ ಸಂಖ್ಯೆಯ ಹತ್ತಿರ ತಲುಪುವ ಸೂತ್ರವನ್ನು ಹಾರ್ಡಿ ಜೊತೆ ಸೇರಿ ಕೊಟ್ಟರು.

1918ರಲ್ಲಿ ರಾಯಲ್ ಸೊಸೈಟಿ ಫೆಲೋ ಆದರು. ಆದರೆ ಯುದ್ಧಕಾಲದ ಇಂಗ್ಲೆಂಡಿನಲ್ಲಿ ಸಸ್ಯಾಹಾರಿಗೆ ಸರಿಯಾದ ಊಟ ಸಿಗದೆ, ಚಳಿಗೆ ದೇಹ ಒಗ್ಗದೆ ಕಾಯಿಲೆ ಬಿದ್ದಿದ್ದರು. 1919ರಲ್ಲಿ ವಾಪಸ್ ಬಂದರು. 1920ರ ಏಪ್ರಿಲ್ 26ರಂದು ತೀರಿಕೊಂಡಾಗ ವಯಸ್ಸು ಬರೀ 32. ಹಾಸಿಗೆ ಹಿಡಿದರೂ ಲೆಕ್ಕ ಬಿಟ್ಟಿರಲಿಲ್ಲ.

ಅವರ ಹಾದಿ ಅಲ್ಲಿಗೇ ನಿಲ್ಲಲಿಲ್ಲ. ನಮ್ಮ ಪಕ್ಕದ ಮಂಡ್ಯದಲ್ಲಿ 1933ರಲ್ಲಿ ಹುಟ್ಟಿದ ಕೆ. ರಾಮಚಂದ್ರ ಅವರೂ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಗುಮಾಸ್ತರಾಗಿ ದುಡಿಯುತ್ತಾ ರಾಮಾನುಜನ್ ಗಣಿತ ಕಲಿತವರು. ಮುಂದೆ ಮುಂಬೈನ ಟಾಟಾ ಸಂಸ್ಥೆಯಲ್ಲಿ ಸಂಖ್ಯಾ ಸಿದ್ಧಾಂತದ ದೊಡ್ಡ ಗಣಿತಜ್ಞರಾದರು. 1978ರಲ್ಲಿ ಹಾರ್ಡಿ-ರಾಮಾನುಜನ್ ಹೆಸರಿನಲ್ಲೇ ಪತ್ರಿಕೆ ಶುರು ಮಾಡಿದರು.

ರಾಮಾನುಜನ್ ಜನ್ಮದಿನವಾದ ಡಿಸೆಂಬರ್ 22 ಈಗ ರಾಷ್ಟ್ರೀಯ ಗಣಿತ ದಿನ. ಮನೆಯಲ್ಲೋ ಅಂಗಡಿಯಲ್ಲೋ ಒಂದು ಸಬ್ಜೆಕ್ಟಲ್ಲಿ ಫೇಲಾದ ಹುಡುಗ, ಹುಡುಗಿ ಇದ್ದರೆ ಬೈಯುವ ಮುಂಚೆ ಅವರ ನೋಟ್‌ಬುಕ್ ಒಮ್ಮೆ ತೆರೆದು ನೋಡಿ. ಹಾರ್ಡಿ ಮೊದಲು ಮಾಡಿದ್ದೂ ಅಷ್ಟೇ: ಕೈಗೆ ಬಂದದ್ದನ್ನು ಪೂರ್ತಿ ಓದಿದ್ದು.