ಕಲ್ಲಚ್ಚು, ಮೊಳೆಯಚ್ಚು ಮತ್ತು ಹರ್ಮನ್ ಮೋಗ್ಲಿಂಗ್

ಹರ್ಮನ್ ಮೋಗ್ಲಿಂಗ್ (1811–1881) ಅವರನ್ನು ಕನ್ನಡದ ಮೊದಲ ಪತ್ರಿಕೆಯ ಸಂಪಾದಕರೆಂದು ಸ್ಮರಿಸುವುದು ವಾಡಿಕೆ. ಆದರೆ ಅವರ ಪ್ರಕಟಣೆಗಳ ಅಕ್ಷರರೂಪವನ್ನು ಗಮನಿಸದೆ ಅವರ ಸಾಹಿತ್ಯಸೇವೆಯನ್ನು ಅಳೆಯುವುದು ಸಾಧ್ಯವಿಲ್ಲವೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಜರ್ಮನಿಯ ಬ್ರಾಕನ್‌ಹೈಮ್‌ನಲ್ಲಿ ಜನಿಸಿದ ಅವರು ಟ್ಯೂಬಿಂಗೆನ್‌ನಲ್ಲಿ ದೇವತಾಶಾಸ್ತ್ರವನ್ನು ಅಭ್ಯಸಿಸಿ, ಬಾಸೆಲ್ ಮಿಶನ್ನಿನ ಪರವಾಗಿ 1836ರಲ್ಲಿ ಮಂಗಳೂರಿಗೆ ಬಂದರು. ಕುಮಟೆಯ ಬಾಡ, ಹೊನ್ನಾವರ, ಭಟ್ಕಳಗಳು ಆಗ ಮಂಗಳೂರನ್ನೊಳಗೊಂಡ ಕೆನರಾ ಜಿಲ್ಲೆಯ ಭಾಗಗಳೇ ಆಗಿದ್ದವು. ಅವು ಮುಂಬಯಿ ಪ್ರಾಂತಕ್ಕೆ ಸೇರಿದ್ದು 1862ರಲ್ಲಿ. ಹೀಗಾಗಿ ಮಂಗಳೂರಿನ ಅಚ್ಚುಕೂಟದ ಚರಿತ್ರೆ ಉತ್ತರ ಕನ್ನಡಕ್ಕೆ ಪರಕೀಯವಲ್ಲ.

1841ರಲ್ಲಿ ಮಿಶನ್ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆಯಿತು. 1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಅಲ್ಲಿಯೇ. ಮರುವರ್ಷ ಪತ್ರಿಕೆ ‘ಕನ್ನಡ ಸಮಾಚಾರ’ವಾಗಿ ಬಳ್ಳಾರಿಗೆ ಹೋಯಿತು, ಅಲ್ಲಿ ಮೊಳೆಯಚ್ಚಿನ ಅನುಕೂಲವಿತ್ತು.

ಈ ಎರಡು ವಿಧಾನಗಳನ್ನು ಬೇರ್ಪಡಿಸುವುದು ಕಷ್ಟವಲ್ಲ. ಕಲ್ಲಚ್ಚಿನಲ್ಲಿ ಲಿಪಿಕಾರನ ಕೈಬರಹವೇ ಕಾಗದಕ್ಕೆ ಇಳಿಯುವುದರಿಂದ ಒಂದೇ ಪುಟದ ಎರಡು ‘ಕ’ಕಾರಗಳು ತದ್ರೂಪವಾಗಿರವು, ತಲೆಕಟ್ಟು ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಸಾಲಿನ ಕೊನೆಯಲ್ಲಿ ಎಡೆ ಸಾಲದಿದ್ದರೆ ಅಕ್ಷರಗಳು ಒತ್ತೊತ್ತಾಗುತ್ತವೆ. ಮೊಳೆಯಚ್ಚಿನಲ್ಲಿ ಒಂದೇ ಅಚ್ಚಿನಿಂದ ಎರಕಗೊಂಡ ಮೊಳೆಗಳು ಒಂದೇ ಆಕಾರ ತೋರುತ್ತವೆ. ಒತ್ತಕ್ಷರವನ್ನು ಬೇರೆ ಮೊಳೆಯಾಗಿ ಜೋಡಿಸಿದ್ದರೆ ನಡುವೆ ಕೂದಲೆಳೆಯಷ್ಟು ಬಿಳುಪು ಉಳಿಯುವುದೂ ಉಂಟು. ತೆಲುಗಿನೊಡನೆ ಸಂದೇಹ ಬಂದಲ್ಲಿ ತಲೆಕಟ್ಟನ್ನೇ ನೋಡಬೇಕು: ಕನ್ನಡದಲ್ಲಿ ಅದು ಅಡ್ಡಗೆರೆಯಾಗಿ ಬಲತುದಿಯಲ್ಲಿ ಬಾಗುತ್ತದೆ, ತೆಲುಗಿನಲ್ಲಿ ಓರೆಯಾಗಿ ಮೇಲೇರುತ್ತದೆ.

ಈ ವಿವೇಚನೆ ಕೇವಲ ಕುತೂಹಲದ್ದಲ್ಲ. ನಿವೃತ್ತ ನ್ಯಾಯಾಧೀಶ ಕಾಸಾಮೇಜರರ ಧನಸಹಾಯದಿಂದ ಮೋಗ್ಲಿಂಗ್ 1848ರಿಂದ ಹೊರತಂದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿಯೇ ಬೆಳಕು ಕಂಡವು. ಅಲ್ಲಿಯ ಸ್ಖಾಲಿತ್ಯಗಳು ಹಸ್ತಪ್ರತಿಯ ಸ್ಖಾಲಿತ್ಯಗಳಂಥವು: ಸಾಲು ಜಾರುವುದು, ಸದೃಶಾಕ್ಷರಗಳ ಪಲ್ಲಟ. ಮೊಳೆ ಜೋಡಿಸುವವನ ತಪ್ಪುಗಳಾದರೋ ಬೇರೆ. ಖಾನೆ ತಪ್ಪಿದ ಮೊಳೆ, ತಲೆಕೆಳಗಾದ ಮೊಳೆ. ಯಾವ ಕೈಯ ತಪ್ಪೆಂದು ತಿಳಿಯದ ಗ್ರಂಥಸಂಪಾದಕ ಪಾಠಾಂತರವನ್ನು ನಿರ್ಣಯಿಸುವುದಾದರೂ ಹೇಗೆ?

1851ರಲ್ಲಿ ಪ್ಲೆಬ್ಸ್ಟ್ ಬಾಸೆಲಿನಿಂದ ಹೊಸ ಕನ್ನಡ ಮೊಳೆಗಳನ್ನು ತಂದರು. ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ತೆರಳಿದರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು; 1860ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. 1881ರಲ್ಲಿ ಎಸ್ಲಿಂಗೆನ್‌ನಲ್ಲಿ ನಿಧನರಾದರು. ಕಿಟ್ಟೆಲರ ನಿಘಂಟು ಮಂಗಳೂರಿನ ಅದೇ ಮಿಶನ್ ಮುದ್ರಣಾಲಯದಿಂದ ಮೊಳೆಯಚ್ಚಿನಲ್ಲಿ ಹೊರಬಂದದ್ದು 1894ರಲ್ಲಿ.