ವ್ರತನಿಷ್ಠೆಯ ರಾಜಮಾತೆ ಮತ್ತು ಆಕೆಯ ಮೊಮ್ಮಗಳು

ತನ್ನ ದೇಹವನ್ನು ಕಠಿಣ ನಿಯಮಕ್ಕೆ ಒಳಪಡಿಸಿದವರ ಹೃದಯವೂ ಕಠಿಣವಾಗಿರಬೇಕೆಂದು ಲೋಕವು ಭಾವಿಸುವುದುಂಟು. ಇಂಗ್ಲೆಂಡಿನ ರಾಜಮಾತೆ ಮಾರ್ಗರೆಟ್ ಬೋಫರ್ಟಳ ಜೀವನವು ಈ ಭಾವನೆಯನ್ನು ಅಲ್ಲಗಳೆಯುತ್ತದೆ.

ಆಕೆ 1443ರಲ್ಲಿ ಜನಿಸಿದಳು. ಹನ್ನೆರಡನೆಯ ವಯಸ್ಸಿನಲ್ಲಿ ಎಡ್ಮಂಡ್ ಟ್ಯೂಡರನೊಡನೆ ವಿವಾಹವಾಯಿತು. ಮರುವರ್ಷವೇ ಪತಿ ಮರಣ ಹೊಂದಿದನು. 1457ರ ಜನವರಿಯಲ್ಲಿ ಪೆಂಬ್ರೋಕ್ ಕೋಟೆಯಲ್ಲಿ, ಹದಿಮೂರರ ಆ ವಿಧವೆ ಗಂಡುಮಗುವನ್ನು ಹೆತ್ತಳು. ಬಳಿಕ ಮರುವಿವಾಹಗಳಾದರೂ ಆಕೆಗೆ ಬೇರೆ ಮಕ್ಕಳಾಗಲಿಲ್ಲ. ಆ ಒಬ್ಬನೇ ಮಗನು 1485ರಲ್ಲಿ ಏಳನೆಯ ಹೆನ್ರಿ ಎಂಬ ಹೆಸರಿನಿಂದ ಪಟ್ಟವೇರಿದನು.

ಅರಮನೆಯ ವೈಭವವು ಆಕೆಯ ನೇಮವನ್ನು ಸಡಿಲಿಸಲಿಲ್ಲ. ಪ್ರಾತಃಕಾಲದಲ್ಲೇ ಎದ್ದು ದೀರ್ಘಕಾಲ ಪ್ರಾರ್ಥನೆಯಲ್ಲಿ ತೊಡಗುತ್ತಿದ್ದಳು. ವೃದ್ಧಾಪ್ಯದ ಕಾರಣದಿಂದ ಉಪವಾಸದ ಕಟ್ಟಳೆ ಆಕೆಗೆ ಅನ್ವಯಿಸದಿದ್ದರೂ, ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತಕಾಲದಲ್ಲಿ ದಿನಕ್ಕೆ ಒಂದೇ ಊಟಕ್ಕೆ ನಿಲ್ಲುತ್ತಿದ್ದಳು. ವಾರದ ಕೆಲವು ದಿನ ಒರಟು ಕೂದಲಿನ ಅಂಗಿಯನ್ನು ಮೈಗೆ ತೊಡುತ್ತಿದ್ದಳು. 1499ರಲ್ಲಿ, ಪತಿ ಥಾಮಸ್ ಸ್ಟ್ಯಾನ್ಲಿಯ ಸಮ್ಮತಿ ಪಡೆದು, ಬ್ರಹ್ಮಚರ್ಯವ್ರತವನ್ನು ಸ್ವೀಕರಿಸಿ ಕಾಲಿವೆಸ್ಟನ್ನಿನಲ್ಲಿ ಪ್ರತ್ಯೇಕವಾಗಿ ನೆಲೆಸಿದಳು. ಹನ್ನೆರಡು ಮಂದಿ ಬಡವರಿಗೆ ಮನೆಯಲ್ಲಿ ಆಶ್ರಯವಿತ್ತು, ಕಾಯಿಲೆಯಾದಾಗ ಸ್ವತಃ ಉಪಚರಿಸಿದಳು.

ಮೊಮ್ಮಗಳು 1489ರಲ್ಲಿ ಹುಟ್ಟಿದಾಗ ಅಜ್ಜಿಯ ಹೆಸರನ್ನೇ ಇಟ್ಟರು. ಆ ಬಾಲೆಯನ್ನು ತನಗಿಂತ ಹದಿನಾರು ವರ್ಷ ಹಿರಿಯನಾದ ಸ್ಕಾಟ್ಲೆಂಡಿನ ದೊರೆ ನಾಲ್ಕನೆಯ ಜೇಮ್ಸನಿಗೆ ಕೊಡುವ ಮಾತು ನಡೆಯಿತು. ಎರಡು ರಾಜ್ಯಗಳ ಶಾಂತಿಗೆ ಅದು ಅಗತ್ಯವೆಂದು ಮಂತ್ರಾಲೋಚನೆಯಾಗಿತ್ತು. ಆದರೆ 1498ರಲ್ಲಿ ಅಜ್ಜಿಯೂ ರಾಣಿ ಎಲಿಜಬೆತಳೂ ಒಂದಾಗಿ ಅಡ್ಡಬಂದರು. ಎಳೆಯ ಹುಡುಗಿಯನ್ನು ಈಗಲೇ ಕಳುಹಿಸಿದರೆ ದೊರೆಯು ಕಾಯುವುದಿಲ್ಲ, ಆಕೆಯ ದೇಹಕ್ಕೆ ಅಪಾಯವಾದೀತೆಂಬುದು ಅವರ ಭೀತಿ. ಆ ಭೀತಿಯ ಅರ್ಥವನ್ನು ಅಜ್ಜಿಯಷ್ಟು ಬಲ್ಲವರು ಆ ಅರಮನೆಯಲ್ಲಿರಲಿಲ್ಲ.

ವಿವಾಹವು ನಿಲ್ಲಲಿಲ್ಲ, ಕೆಲವು ವರ್ಷ ಮುಂದಕ್ಕೆ ಹೋಯಿತು. 1503ರ ಫೆಬ್ರವರಿಯಲ್ಲಿ ತಾಯಿ ಎಲಿಜಬೆತಳು ತೀರಿಕೊಂಡಳು. ಆ ಬೇಸಗೆಯಲ್ಲಿ ಉತ್ತರಕ್ಕೆ ಹೊರಟ ಮೊಮ್ಮಗಳು ಕಾಲಿವೆಸ್ಟನ್ನಿನ ಅಜ್ಜಿಯ ಮನೆಯಲ್ಲಿ ತಂಗಿ, ಅಲ್ಲಿಂದಲೇ ಬೀಳ್ಕೊಂಡಳು. ಆಗಸ್ಟಿನಲ್ಲಿ ಎಡಿನ್‌ಬರೋದಲ್ಲಿ ವಿವಾಹವಾದಾಗ ಆಕೆಗೆ ಹದಿನಾಲ್ಕು ತುಂಬಿರಲಿಲ್ಲ. ಚೊಚ್ಚಲ ಮಗು ಹುಟ್ಟಿದ್ದು 1507ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ.

ರಾಜಮಾತೆಯು 1509ರ ಜೂನ್ 29ರಂದು ಅಸುನೀಗಿದಳು. 1505ರಲ್ಲಿ ಆಕೆ ಕೇಂಬ್ರಿಜ್ಜಿನಲ್ಲಿ ಸ್ಥಾಪಿಸಿದ ಕ್ರೈಸ್ಟ್ಸ್ ಕಾಲೇಜು ಇಂದಿಗೂ ನಡೆಯುತ್ತಿದೆ. ತಾನು ಉಂಡ ನೋವನ್ನು ಮುಂದಿನವರಿಗೂ ವಿಧಿಯೆಂದು ಉಣಬಡಿಸದೆ, ಅದನ್ನು ತಡೆಯಲು ಯತ್ನಿಸಿದ ಕರುಣೆಯೇ ಆಕೆಯ ಉಪವಾಸಗಳಿಗೆ ಸಾರ್ಥಕ್ಯವನ್ನಿತ್ತಿತು.