ಬೆಳಕಿನ ಗುಟ್ಟು ಬಿಡಿಸಿದ ಇಬ್ನುಲ್ ಹೈಸಮ್



ರಂಜಾನ್ ಸಂಜೆ ಗಿರಿನಗರದ ಮನೆಯೊಂದರಲ್ಲಿ ನೀವು ಹತ್ತು ಮಂದಿ ದಸ್ತರ್‌ಖಾನಿನ ಸುತ್ತ ಕುಳಿತಿದ್ದೀರಿ ಎಂದುಕೊಳ್ಳಿ. ನಡುವೆ ಶರಬತ್ತಿನ ಜಗ್ ಇದೆ. ನಿಮಗೆ ಅದರ ಹಿಡಿ ಕಾಣುತ್ತದೆ, ಎದುರಿಗಿರುವವರಿಗೆ ಮೂತಿ ಕಾಣುತ್ತದೆ. ಜಗ್ ಒಂದೇ, ನೋಟ ಹತ್ತು. ಅದೇ ಜಗ್ಗಿನ ಚಿತ್ರ ಟಿ.ವಿ.ಯಲ್ಲಿ ಬಂದರೆ ಎಲ್ಲರಿಗೂ ಒಂದೇ ಮಗ್ಗುಲು! ಏಕೆ ಹೀಗೆ? ಇದರ ಉತ್ತರಕ್ಕೆ ಬುನಾದಿ ಹಾಕಿದವರು ಸಾವಿರ ವರ್ಷಗಳ ಹಿಂದಿನ ಮಹಾನ್ ವಿಜ್ಞಾನಿ ಇಬ್ನುಲ್ ಹೈಸಮ್.

ಸುಮಾರು ಕ್ರಿ.ಶ. 965ರಲ್ಲಿ ಇರಾಕಿನ ಬಸ್ರಾದಲ್ಲಿ ಜನಿಸಿದ ಅವರನ್ನು ನೈಲ್ ನದಿಯ ನೆರೆ ತಡೆಯುವ ಕೆಲಸಕ್ಕಾಗಿ ಖಲೀಫ ಹಾಕಿಮ್ ಕೈರೋಗೆ ಕರೆಸಿಕೊಂಡನು. ನದಿಯನ್ನು ಕಣ್ಣಾರೆ ಕಂಡಾಗ ಅದು ಆಗದ ಕೆಲಸವೆಂದು ಅವರಿಗೆ ತಿಳಿಯಿತು. ಖಲೀಫನ ಕೋಪಕ್ಕೆ ಹೆದರಿ ಹುಚ್ಚನಂತೆ ನಟಿಸಿದರೆಂದೂ, 1021ರಲ್ಲಿ ಖಲೀಫನ ಆಳ್ವಿಕೆ ಕೊನೆಗೊಳ್ಳುವವರೆಗೆ ಗೃಹಬಂಧನದಲ್ಲಿದ್ದರೆಂದೂ ಚರಿತ್ರೆಕಾರರು ಹೇಳುತ್ತಾರೆ. ಏಳು ಸಂಪುಟಗಳ ‘ಕಿತಾಬುಲ್ ಮನಾಝಿರ್’ ಗ್ರಂಥ ಹೆಚ್ಚುಕಡಿಮೆ ಆ ಕಾಲದ್ದೇ.

ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆಂದು ಯೂಕ್ಲಿಡ್, ಟಾಲೆಮಿಯಂಥವರು ನಂಬಿದ್ದರು. ಇಬ್ನುಲ್ ಹೈಸಮ್ ಒಪ್ಪಲಿಲ್ಲ. ವಸ್ತುವಿನ ಪ್ರತಿಯೊಂದು ಬಿಂದುವಿನಿಂದಲೂ ಬೆಳಕು ಎಲ್ಲ ದಿಕ್ಕಿಗೂ ಹರಡಿ ಕಣ್ಣನ್ನು ಸೇರುತ್ತದೆಂದು ಅವರು ಪ್ರಯೋಗಗಳಿಂದ ತೋರಿಸಿದರು. ಹಲಗೆಯ ಮೇಲೆ ಮೇಣದ ಪುಟ್ಟ ಕಂಬಗಳನ್ನು ನಿಲ್ಲಿಸಿ, ಎರಡು ಕಣ್ಣುಗಳ ನೋಟ ಹೇಗೆ ಒಂದಾಗುತ್ತದೆಂದು ಪರೀಕ್ಷಿಸಿದರು. ನೀವೂ ಒಂದು ಬೆರಳನ್ನು ಹತ್ತಿರ, ಇನ್ನೊಂದನ್ನು ದೂರ ಹಿಡಿದು ಹತ್ತಿರದ್ದನ್ನೇ ದಿಟ್ಟಿಸಿ. ದೂರದ್ದು ಎರಡಾಗಿ ಕಾಣುತ್ತದೆ.

ಇಂದು ಗಾಳಿಯಲ್ಲಿ ತೇಲುವಂತೆ ಕಾಣುವ ಮೂರು ಆಯಾಮದ ಚಿತ್ರ ಮೂಡಿಸುವವರಿಗೂ ಇದೇ ಸವಾಲು. 1947ರಲ್ಲಿ ಡೆನಿಸ್ ಗೇಬರ್ ಹಾಲೊಗ್ರಫಿಯನ್ನು ಕಂಡುಹಿಡಿದರು. ಅದಕ್ಕೆ 1971ರ ನೊಬೆಲ್ ಬಂತು. ಒಬ್ಬನೇ ನೋಡುಗನಾದರೆ ಎರಡು ಕಣ್ಣಿಗೆ ಎರಡು ಚಿತ್ರ ಕೊಟ್ಟರೆ ಸಾಕು. ಸುತ್ತ ಹತ್ತು ಮಂದಿ ಕುಳಿತರೆ ಇಪ್ಪತ್ತು ಕಣ್ಣಿಗೂ ಬೇರೆ ಬೇರೆ ನೋಟ ಬೇಕು. ಪರದೆಯ ಚುಕ್ಕೆಗಳನ್ನು ಅಷ್ಟೂ ದಿಕ್ಕುಗಳಿಗೆ ಹಂಚಿದರೆ ಚಿತ್ರ ಒರಟಾಗುತ್ತದೆ. ಶರಬತ್ತಿನ ಜಗ್ ಸಲೀಸಾಗಿ ಮಾಡುವ ಕೆಲಸ ಯಂತ್ರಕ್ಕೆ ಇನ್ನೂ ಕಷ್ಟ.

ಕೊನೆಗಾಲದಲ್ಲಿ ಇಬ್ನುಲ್ ಹೈಸಮ್ ಅಲ್ ಅಝ್‌ಹರ್ ಬಳಿ ವಾಸಿಸುತ್ತಾ, ಗ್ರಂಥಗಳನ್ನು ನಕಲು ಮಾಡಿ ಹೊಟ್ಟೆ ಹೊರೆದರು. ಸುಮಾರು 1040ರಲ್ಲಿ ನಿಧನರಾದರು. ಅವರ ಗ್ರಂಥ ಲ್ಯಾಟಿನ್ನಿಗೆ ಹೋಗಿ 1572ರಲ್ಲಿ ಅಚ್ಚಾಯಿತು. 2015ರ ಅಂತಾರಾಷ್ಟ್ರೀಯ ಬೆಳಕಿನ ವರ್ಷದಲ್ಲಿ ಜಗತ್ತು ಅವರನ್ನು ಸ್ಮರಿಸಿತು.

ವಿದ್ಯಾರ್ಥಿಗಳೇ, ಅವರ ಹೆಸರು ಹೇಳಿ ಹೆಮ್ಮೆಪಟ್ಟರೆ ಸಾಲದು. ದೊಡ್ಡವರ ಮಾತನ್ನೂ ಪರೀಕ್ಷಿಸಿ ನೋಡುವ ಅವರ ದಾರಿಯನ್ನು ಹಿಡಿಯಬೇಕು. ಅಲ್ಲಾಹನು ನಮಗೆಲ್ಲ ಆ ತೌಫೀಕ್ ನೀಡಲಿ, ಆಮೀನ್.